ಬಲಕ್ಕೆ ಬೀಳುವ ಬೈಕು

ಸೊಸೆಯ ಬೈಕನ್ನು ಒರೆಸಲು ಹೋದದ್ದು ಸಿಟ್ಟಿನಿಂದ. ಸಿಟ್ಟು ಬಂದಾಗ ನನಗೆ ಕೈಯಲ್ಲೊಂದು ಬಟ್ಟೆ ತುಂಡು ಬೇಕು, ಎದುರಿಗೆ ಉಜ್ಜಲು ಏನಾದರೊಂದು ಬೇಕು. ಬಟ್ಟೆ ತುಂಡಿಗೆ ಹೊಲಿಗೆಯವಳ ಮನೆಯಲ್ಲಿ ಬರವಿಲ್ಲ. ಉಜ್ಜಲು ಆವತ್ತು ರಸ್ತೆಯಂಚಿಗೆ ನಿಂತಿದ್ದ ಬೈಕು ಸಿಕ್ಕಿತು.

ಸಿಟ್ಟಿಗೆ ಕಾರಣ ಇತ್ತು. ನನ್ನ ಸೊಸೆ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ನಡೆಯಲಾಗದವರು, ವಯಸ್ಸಾದವರು, ತುಂಬಿದ ಬಸುರಿಯರು, ಇಂಥವರ ಮನೆಗೇ ಹೋಗಿ ರಕ್ತ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ತಂದುಕೊಡುವುದು ಅವಳ ಪಾಲಿನ ಕೆಲಸ. ಕೈ ಬಹಳ ಹಗುರ. ಮಕ್ಕಳು ಅಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಕೆಲಸ ಮುಗಿದಿರುತ್ತದೆ. ಆ ಕೆಲಸ ಎಂದರೆ ಅವಳಿಗೆ ಪ್ರಾಣ. ಆದರೆ ಅವಳ ಬೈಕು ನಿಲ್ಲಿಸಿದಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಬೇಕರಿಯ ಮುಂದೆ ಬಿದ್ದು ಕನ್ನಡಿ ಒಡೆಯಿತು. ಇನ್ನೊಮ್ಮೆ ಹಲ್ಲಿನ ಡಾಕ್ಟರ ಮನೆ ಮುಂದೆ ಬಿದ್ದು ಹೂವಿನ ಕುಂಡ ಪುಡಿಯಾಯಿತು. ಹಿಂದಿನ ದಿನವಂತೂ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜಿ, ಬಿಸಿಲು ಬಂತೆಂದು ಎದ್ದು ಒಳಗೆ ಹೋದ ಮರುಗಳಿಗೆಯಲ್ಲೇ ಬೈಕು ಆ ಕುರ್ಚಿಯ ಮೇಲೆ ಮಗುಚಿಕೊಂಡಿತ್ತು. ಕುರ್ಚಿಯ ಕಾಲು ಮುರಿಯಿತು. ಅಜ್ಜಿಯ ಕಾಲು ಉಳಿದದ್ದು ಬಿಸಿಲಿನ ದಯೆ.

ಬೆಳಿಗ್ಗೆ ಲ್ಯಾಬಿನ ಮೇಲ್ವಿಚಾರಕರು ಫೋನ್ ಮಾಡಿದ್ದರು. ಸೊಸೆ ಸ್ಪೀಕರ್ ಹಾಕಿಕೊಂಡು ತಲೆ ಬಾಚುತ್ತಿದ್ದಳು, ಹಾಗಾಗಿ ನಾನೂ ಕೇಳಿಸಿಕೊಂಡೆ. ಸ್ಪೀಕರ್ ಹಾಕದಿದ್ದರೂ ಕೇಳಿಸಿಕೊಳ್ಳುತ್ತಿದ್ದೆ, ಅದು ಬೇರೆ ಮಾತು.

“ನೋಡಮ್ಮ, ಇನ್ನೊಂದು ಸಲ ಗಾಡಿ ಬಿತ್ತು ಅಂತ ಕಂಪ್ಲೇಂಟ್ ಬಂದ್ರೆ ಹೊರಗಿನ ಕೆಲಸ ಬೇಡ. ಒಳಗೆ ಕೂತು ಬಾಟಲಿ ತೊಳಿ. ನೆಟ್ಟಗೆ ಸ್ಟ್ಯಾಂಡ್ ಹಾಕೋಕೆ ಬರಲ್ಲ ಅಂದ್ರೆ ಏನರ್ಥ?”

“ಇನ್ನು ಬೀಳಲ್ಲ ಸರ್” ಎಂದಳು ಸೊಸೆ. ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡಿತ್ತು.

ಹೀಗೆ ಸಿಟ್ಟಿನಲ್ಲಿ ಬೈಕು ಉಜ್ಜುತ್ತಿದ್ದವಳ ಕೈ ಒಂದು ಕಡೆ ನಿಂತಿತು. ಬಲಗಡೆಯ ಕನ್ನಡಿ ಒಡೆದಿತ್ತು. ಬಲಗಡೆಯ ಬ್ರೇಕಿನ ಹಿಡಿ ಸೊಟ್ಟಗಾಗಿತ್ತು. ಸೈಲೆನ್ಸರ್ ಮೇಲೆ ಬೆಕ್ಕು ಪರಚಿದ ಹಾಗೆ ಗೀರುಗಳು, ಅದೂ ಬಲಗಡೆಯೇ. ಎಡಗಡೆಗೆ ಬಂದು ನೋಡಿದರೆ ಒಂದು ಗೆರೆ ಇಲ್ಲ, ಅಂಗಡಿಯಿಂದ ತಂದ ದಿನದ ಹಾಗಿದೆ. ಸೈಡ್ ಸ್ಟ್ಯಾಂಡ್ ಇರುವುದು ಎಡಗಡೆ. ಬೈಕು ಅದರ ಮೇಲೆ ಎಡಕ್ಕೆ ತಾನೇ ಒರಗುವುದು? ಸ್ಟ್ಯಾಂಡ್ ಜಾರಿದರೆ, ಸರಿಯಾಗಿ ಹಾಕದಿದ್ದರೆ, ಬೈಕು ಎಡಕ್ಕೆ ಬೀಳಬೇಕು. ಗೋಡೆಗೆ ಒರಗಿ ಕೂತವನು ಗೋಡೆಯ ಮೇಲೆ ಬೀಳಬಹುದು, ಎದುರುಗಡೆಗೆ ಹೇಗೆ ಬಿದ್ದಾನು? ತಲೆಗೆ ಹುಳ ಬಿಟ್ಟ ಹಾಗಾಯಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಬಟ್ಟೆ ತುಂಡು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯವರನ್ನು ಹುಡುಕಿಕೊಂಡು ಹೋದೆ.

ಅವರ ವಿಷಯ ಸ್ವಲ್ಪ ಹೇಳಬೇಕು. ಮನೆಗೆ ಅಂಟಿಕೊಂಡೇ ಅವರ ಲೇತ್ ಶೆಡ್ಡು ಇದೆ. ಕಬ್ಬಿಣ ಕಡೆಯುವುದರಲ್ಲಿ ಎತ್ತಿದ ಕೈ. ಇಂಚಿನ ಎಂಟನೇ ಒಂದು ಭಾಗಕ್ಕೆ ಕೆಲಸಗಾರರು ನೂಲು ಎನ್ನುತ್ತಾರೆ. ಅರ್ಧ ನೂಲು ಹೆಚ್ಚುಕಮ್ಮಿಯಾದರೂ ಮಾಡಿದ್ದನ್ನು ಗುಜರಿಗೆ ಎಸೆಯುತ್ತಿದ್ದರಿಂದ ಎಲ್ಲರೂ ಅವರನ್ನು ನೂಲು ಮೇಸ್ತ್ರಿ ಎಂದೇ ಕರೆಯುವುದು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಉಂಟು. ಹೊಸಬರು ಯಾರು ಬಂದರೂ ಇವರು ಅಳತೆ ತೆಗೆಯುತ್ತಾರೆ. ನಾನು ಮದುವೆಯಾಗಿ ಬಂದಾಗ ಅಡುಗೆಕಟ್ಟೆ ಒಡೆಸಿ ನನ್ನ ಸೊಂಟಕ್ಕೆ ಸರಿಯಾಗಿ ಕಟ್ಟಿಸಿದರು. ಹೊಲಿಗೆ ಮಿಷಿನ್ನಿನ ಕಾಲು ಕತ್ತರಿಸಿದರು. ಬಾಯಲ್ಲಿ ಒಂದು ಒಳ್ಳೆಯ ಮಾತು ಆಡಿದವರಲ್ಲ, ಪ್ರೀತಿ ಬಂದರೆ ಗರಗಸ ಹಿಡಿಯುತ್ತಾರೆ.

ಮಗ ಲಾರಿ ಓಡಿಸುತ್ತಾನೆ, ದಾರಿಯ ಮೇಲೇ ಅವನ ಬದುಕು. ಅವನ ಬೈಕು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಸೊಸೆಗೆ ಈ ಕೆಲಸ ಸಿಕ್ಕಾಗ ಅದನ್ನೇ ಓಡಿಸುತ್ತೇನೆ ಎಂದಳು, ಆದರೆ ಕೂತರೆ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಇವರು ಅಳತೆ ತೆಗೆದರು. ಹಿಂದಿನ ಶಾಕ್ ಅಬ್ಸಾರ್ಬರ್ ಗಿಡ್ಡ ಮಾಡಿದರು, ಮುಂದಿನದನ್ನು ಮೇಲಕ್ಕೆ ಸರಿಸಿ ಬಿಗಿದರು. ತಗ್ಗಿದ ಬೈಕಿನ ಡಬಲ್ ಸ್ಟ್ಯಾಂಡ್ ರಸ್ತೆಯ ಉಬ್ಬುಗಳಿಗೆ ಉಜ್ಜಿದಾಗ ಅದನ್ನು ಬಿಚ್ಚಿಯೇ ಬಿಟ್ಟರು. ಸೊಸೆ ಎರಡೂ ಪಾದ ಊರಿ ಕೂತು ನಕ್ಕ ದಿನ ಇವರು ಶೆಡ್ಡಿನೊಳಗೆ ಹೋಗಿ ಸಿಳ್ಳೆ ಹಾಕಿಕೊಂಡು ಕೆಲಸ ಮಾಡಿದ್ದು ನನಗೆ ಕೇಳಿಸಿದೆ.

ನನ್ನ ಪ್ರಶ್ನೆ ಕೇಳಿ ಅವರು ಕನ್ನಡಕ ಹಣೆಗೇರಿಸಿದರು.

“ಬಲಕ್ಕೆ ಬೀಳ್ಲಿ, ಎಡಕ್ಕೆ ಬೀಳ್ಲಿ, ಬೀಳಿಸೋಳು ಅವಳು. ಇಳಿಯೋವಾಗ ಅವಸರ. ಗಾಡಿ ಒಳಗೆ ತಗೊಂಡು ಬಾ, ತೋರಿಸ್ತೀನಿ.”

ಬೈಕನ್ನು ಶೆಡ್ಡಿಗೆ ತಂದದ್ದಾಯಿತು. ಲೇತಿನ ಪಕ್ಕ ಅವರು ಯಾವಾಗಲೂ ಗಾಡಿ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ ಸ್ಟ್ಯಾಂಡ್ ಹಾಕಿದರು. ಹ್ಯಾಂಡಲ್ ಹಿಡಿದು ಅಲ್ಲಾಡಿಸಿದರು. ಸೀಟಿಗೆ ಗುದ್ದಿದರು. ನನ್ನನ್ನೂ ತಳ್ಳು ಎಂದರು. ತಳ್ಳಿದೆ. ಬೈಕು ಹಾಯಾಗಿ ಎಡಕ್ಕೆ ಒರಗಿ ನಿಂತಿತ್ತು, ಅಲುಗಲಿಲ್ಲ.

“ಬಂಡೆ! ಬಂಡೆ ನಿಂತ ಹಾಗೆ ನಿಂತಿದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.”

ತಿರುಗಿ ನೋಡಿದರೆ ಬಾಗಿಲಲ್ಲಿ ಸೊಸೆ ಡಬ್ಬಿ ಹಿಡಿದು ನಿಂತಿದ್ದಳು. ಪಾಪ, ಎಲ್ಲ ಕೇಳಿಸಿಕೊಂಡಿದ್ದಳು. “ಹೌದು ಮಾವ, ನಂದೇ ಅವಸರ” ಎಂದಷ್ಟೇ ಹೇಳಿ ಬೈಕು ತೆಗೆದಳು.

ಅವಸರವೇ? ಸೂಜಿ ಹಿಡಿದು ಮುದುಕರ ನರ ಹುಡುಕುವವಳಿಗೆ, ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ಎದ್ದೇಳದವಳಿಗೆ ಸ್ಟ್ಯಾಂಡ್ ಹಾಕುವಾಗ ಮಾತ್ರ ಅವಸರವೇ? ನನಗೆ ನಂಬಿಕೆ ಬರಲಿಲ್ಲ.

“ತಡಿಯೇ, ನಾನೂ ಬರ್ತೀನಿ” ಎಂದೆ.

“ನೀವ್ಯಾಕೆ ಅತ್ತೆ? ಬಿಸಿಲು.”

“ನನ್ನ ತಲೆ, ನನ್ನ ಬಿಸಿಲು. ನಡಿ.”

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಸೊಸೆ ಗಾಡಿ ಓಡಿಸುವುದು ಅವಳ ಸೂಜಿಯ ಹಾಗೆಯೇ, ಎಲ್ಲಿ ತಿರುಗಿದಳು, ಎಲ್ಲಿ ನಿಂತಳು ಗೊತ್ತೇ ಆಗುವುದಿಲ್ಲ. ಮೊದಲ ಮನೆಯಲ್ಲಿ ರಸ್ತೆಯ ಎಡ ಅಂಚಿಗೆ ನಿಲ್ಲಿಸಿದಳು. ಬೈಕು ಚೆನ್ನಾಗಿಯೇ ಒರಗಿ ನಿಂತಿತು. ಮುಂದಿನ ಮನೆ ರಸ್ತೆಯ ಬಲಗಡೆಗಿತ್ತು. ಅಲ್ಲಿಯೂ ಅವಳು ಎಡ ಅಂಚಿಗೇ ನಿಲ್ಲಿಸಿ, ಡಬ್ಬಿ ಎತ್ತಿಕೊಂಡು, ವಾಹನಗಳ ನಡುವೆ ರಸ್ತೆ ದಾಟಿ ಹೋದಳು. ಗೇಟಿನ ಮುಂದೆಯೇ ಬೇಕಾದಷ್ಟು ಜಾಗ ಇತ್ತು. ಯಾಕೆ ಎಂದು ಕೇಳಲಿಲ್ಲ, ನೋಡಿಕೊಂಡೆ. ಕುರ್ಚಿ ಮುರಿದ ಅಜ್ಜಿಯ ಬೀದಿಗೆ ಬಂದಾಗ ಇನ್ನೂ ವಿಚಿತ್ರ. ಅಲ್ಲಿ ಎಡಗಡೆ ಪೈಪಿಗೆಂದು ಅಗೆದು ಮಣ್ಣು ಗುಡ್ಡೆ ಹಾಕಿದ್ದರು. ಅವಳು ಬೀದಿಯ ತುದಿಯಲ್ಲೇ ಬೈಕು ಬಿಟ್ಟು, ಭಾರದ ಡಬ್ಬಿ ಹೊತ್ತು ಅಷ್ಟು ದೂರ ನಡೆದಳು. ಅಜ್ಜಿಯ ಮಗಳು ಬಾಗಿಲು ತೆರೆದವಳು ಸೊಸೆಯ ಮುಖ ನೋಡಲಿಲ್ಲ, ಅವಳ ಹಿಂದೆ ಬೈಕು ಎಲ್ಲಿದೆ ಎಂದು ನೋಡಿದಳು.

ಕೊನೆಯ ಮನೆ ಒಂದು ದೊಡ್ಡ ಕಟ್ಟಡದ ಮೂರನೇ ಮಹಡಿ. ಕೆಳಗೆ ಸಿಮೆಂಟಿನ ಸಮತಟ್ಟು ಅಂಗಳ, ಅಲ್ಲಿ ಸಾಲಾಗಿ ಬೈಕುಗಳು. ಸೊಸೆ ನಮ್ಮದನ್ನು ಸಾಲಿನಿಂದ ದೂರ, ಒಂಟಿಯಾಗಿ ಕಂಬದ ಪಕ್ಕ ನಿಲ್ಲಿಸಿ, “ಅತ್ತೆ, ಇದನ್ನ ಮುಟ್ಟಬೇಡಿ” ಎಂದು ಹೇಳಿ ಮೇಲೆ ಹೋದಳು. ಮುಟ್ಟಬೇಡ ಎಂದರೆ ನನಗೆ ಮುಟ್ಟು ಎಂದೇ ಕೇಳಿಸುತ್ತದೆ.

ಮೊದಲು ದೂರದಿಂದ ನೋಡಿದೆ. ಸಾಲಿನಲ್ಲಿದ್ದ ಬೈಕುಗಳೆಲ್ಲ ಊಟ ಮಾಡಿ ಗೋಡೆಗೊರಗಿದ ಗಂಡಸರ ಹಾಗೆ ಎಡಕ್ಕೆ ವಾಲಿಕೊಂಡು ಆರಾಮವಾಗಿದ್ದವು. ನಮ್ಮದು ಮಾತ್ರ ನೆಟ್ಟಗೆ, ಅಟೆನ್ಷನ್‌ನಲ್ಲಿ ನಿಂತಿತ್ತು. ಶೆಡ್ಡಿನಲ್ಲಿ ಹಾಯಾಗಿ ಒರಗಿದ್ದ ಬೈಕು ಇದೇನಾ ಎನಿಸಿತು. ಹತ್ತಿರ ಹೋಗಿ ಎಡಗಡೆಯಿಂದ ಒಂದು ಬೆರಳಲ್ಲಿ ಸೀಟನ್ನು ಮೆಲ್ಲಗೆ ನೂಕಿದೆ. ಬೈಕು ಸ್ಟ್ಯಾಂಡ್ ಬಿಟ್ಟು ಎದ್ದು ಬಲಕ್ಕೆ ಹೊರಟೇಬಿಟ್ಟಿತು! ಎರಡೂ ಕೈಯಲ್ಲಿ ಸೀಟಿನ ಹಿಂದಿನ ಹಿಡಿಯನ್ನು ತಬ್ಬಿಕೊಂಡು, ಚಪ್ಪಲಿ ಜಾರಿ, ಉಸಿರು ಬಾಯಿಗೆ ಬಂದು, ಹೇಗೋ ಹಿಂದಕ್ಕೆಳೆದುಕೊಂಡೆ. ಬಿದ್ದಿದ್ದರೆ ಸೊಸೆಯ ಕೆಲಸ ನನ್ನ ಒಂದು ಬೆರಳಿಗೆ ಹೋಗುತ್ತಿತ್ತು.

ಕಂಬಕ್ಕೊರಗಿ ಸುಧಾರಿಸಿಕೊಳ್ಳುವಾಗ ವಿಷಯ ಹೊಳೆಯಿತು. ಇದು ಹೊಲಿಗೆಯವಳಿಗೆ ಗೊತ್ತಾಗದ ಸಂಗತಿಯೇ? ಅಂಗಿಯ ಮೈ ಗಿಡ್ಡ ಮಾಡಿ ತೋಳು ಹಾಗೇ ಬಿಟ್ಟರೆ ಹಾಕಿಕೊಂಡವನು ಕೋತಿಯ ಹಾಗೆ ಕಾಣುತ್ತಾನೆ. ಬೈಕನ್ನು ತಗ್ಗಿಸಿದರು, ಸ್ಟ್ಯಾಂಡನ್ನು ತಗ್ಗಿಸಲಿಲ್ಲ. ಉದ್ದ ಉಳಿದ ಸ್ಟ್ಯಾಂಡು ಬೈಕನ್ನು ಒರಗಲು ಬಿಡದೆ ನೆಟ್ಟಗೆ ಎತ್ತಿ ಹಿಡಿಯುತ್ತಿತ್ತು. ರಸ್ತೆಯ ನಡು ಉಬ್ಬು, ಅಂಚು ತಗ್ಗು. ಎಡ ಅಂಚಿನಲ್ಲಿ ನೆಲವೇ ಎಡಕ್ಕೆ ಇಳಿದಿರುವುದರಿಂದ ಬೈಕು ಒರಗುತ್ತದೆ. ಬಲ ಅಂಚಿನಲ್ಲಿ ನೆಲ ಬಲಕ್ಕೆ ಇಳಿಯುತ್ತದೆ, ಅಲ್ಲಿ ಗಾಳಿ ಬೀಸಿದರೂ ಸಾಕು. ಅಜ್ಜಿಯ ಗೇಟು ಇರುವುದು ಬಲಗಡೆ.

ಹಾಗಾದರೆ ಶೆಡ್ಡಿನಲ್ಲಿ ಬಂಡೆಯ ಹಾಗೆ ನಿಂತದ್ದು ಹೇಗೆ? ಲ್ಯಾಬಿಗೆ ಡಬ್ಬಿ ಕೊಟ್ಟು ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಮನೆಗೆ ಬಂದವಳು ಸೀರೆಯ ಸೆರಗು ಸಿಕ್ಕಿಸಿ ಒಂದು ಚೊಂಬು ನೀರು ತಂದೆ. ಮನೆಯವರು ಊಟಕ್ಕೆ ಕೂತಿದ್ದರು, ಶೆಡ್ಡಿನಲ್ಲಿ ಸೊಸೆ ನಿಲ್ಲಿಸಿದ ಬೈಕು ಮಾತ್ರ. ಅದರ ಚಕ್ರದ ಬುಡಕ್ಕೆ ನೀರು ಸುರಿದೆ. ನೀರು ಒಂದು ಕ್ಷಣ ಯೋಚಿಸಿ, ಆಮೇಲೆ ಒಂದೇ ಸಮ ಎಡಕ್ಕೆ ಹರಿದು ಮೂಲೆಯ ಚರಂಡಿಗೆ ಇಳಿಯಿತು. ಎಣ್ಣೆ, ಕೊಳೆ ತೊಳೆದು ಹೋಗಲಿ ಎಂದು ಇವರೇ ನಿಂತು ಇಳಿಜಾರು ಹಾಕಿಸಿದ ನೆಲ. ದೀಪದ ಬುಡದಲ್ಲೇ ಕತ್ತಲೆ. ನೆಲವೇ ಡೊಂಕಾಗಿತ್ತು, ಮಾತು ಕೇಳಿಸಿಕೊಂಡವಳು ಮಾತ್ರ ಸೊಸೆ.

“ನಂಗೊತ್ತು ಅತ್ತೆ.”

ಬೆನ್ನ ಹಿಂದೆ ಸೊಸೆ ನಿಂತಿದ್ದಳು. ಚೊಂಬು ನನ್ನ ಕೈಯಿಂದ ಜಾರಲಿಲ್ಲ ಅಷ್ಟೇ.

“ಏನ್ ಗೊತ್ತು?”

“ಸ್ಟ್ಯಾಂಡ್ ಉದ್ದ ಆಗಿದೆ ಅಂತ. ಬೇಕರಿ ಮುಂದೆ ಬಿದ್ದಾಗ್ಲೇ ಗೊತ್ತಾಯ್ತು.”

“ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ? ಆ ಅಜ್ಜಿ ಎದ್ದು ಹೋಗ್ದೆ ಇದ್ದಿದ್ರೆ ಏನಾಗ್ತಿತ್ತು ಹೇಳು! ಗಾಡಿ ಕಾಲ ಮೇಲೆ ಬಿದ್ದಿದ್ರೆ ಆ ವಯಸ್ಸಿಗೆ ಮತ್ತೆ ಏಳ್ತಿದ್ರಾ?”

ನಾನು ಕಿರುಚಿಯೇ ಬಿಟ್ಟಿದ್ದೆ. ಅವಳ ಕಣ್ಣು ತುಂಬಿತು.

“ಅದಕ್ಕೇ ನಾಳೆ ಲ್ಯಾಬಿಗೆ ಹೋಗಿ ಹೇಳಿಬಿಡ್ತೀನಿ ಅತ್ತೆ, ಹೊರಗಿನ ಕೆಲಸ ಬೇಡ ಅಂತ. ಬಾಟಲಿ ತೊಳೀತೀನಿ.”

“ಮಾವನಿಗೆ ಒಂದು ಮಾತು ಹೇಳೋದು ಬಿಟ್ಟು ಕೆಲಸ ಬಿಡ್ತೀಯಾ? ಬುದ್ಧಿ ಎಲ್ಲಿಟ್ಟಿದ್ಯೇ?”

ಅವಳು ಮೂಲೆಯ ಪೊರಕೆ ತೆಗೆದುಕೊಂಡು ಉಳಿದ ನೀರನ್ನು ಚರಂಡಿಗೆ ತಳ್ಳತೊಡಗಿದಳು. ಅಪ್ಪ ಅಮ್ಮ ಇಲ್ಲದ ಹುಡುಗಿ. ಚಿಕ್ಕಮ್ಮನ ಮನೆ, ದೊಡ್ಡಮ್ಮನ ಮನೆ ಎಂದು ಬೆಳೆದವಳು. ಅದು ನನಗೆ ಗೊತ್ತಿತ್ತು, ಆದರೆ ಅವಳ ಬಾಯಿಂದ ಕೇಳಿರಲಿಲ್ಲ.

“ಅಲ್ಲೆಲ್ಲ ನಾನೇ ಎಲ್ಲದಕ್ಕೂ ಹೊಂದ್ಕೋಬೇಕಿತ್ತು ಅತ್ತೆ. ಅಕ್ಕಂದಿರ ಚಪ್ಪಲಿ ದೊಡ್ಡದಾದ್ರೆ ಬೆರಳು ಮಡಚಿ ಹಾಕ್ಕೋತಿದ್ದೆ. ನಿನ್ನ ಕಾಲು ತಾಗಲ್ವಾ, ತಡಿ, ಗಾಡೀನೇ ತಗ್ಗಿಸ್ತೀನಿ ಅಂತ ಜೀವನದಲ್ಲಿ ಹೇಳಿದ್ದು ಮಾವ ಒಬ್ರೇ. ಅಂಥದ್ರಲ್ಲಿ ತಪ್ಪು ಹುಡುಕೋಕೆ ನಂಗೆ ಬಾಯಿ ಬರ್ಲಿಲ್ಲ.”

ಬೈಯಲು ಇನ್ನೂ ನಾಲ್ಕು ಮಾತು ಇಟ್ಟುಕೊಂಡಿದ್ದೆ, ಎಲ್ಲ ಮರೆತುಹೋಯಿತು. ಮೂಗು ತೂರಿಸುವವಳಿಗೆ ಕೆಲವೊಮ್ಮೆ ಹೀಗೂ ಆಗುತ್ತದೆ, ನೋಡಬೇಕಾದ್ದಕ್ಕಿಂತ ಹೆಚ್ಚು ಕಂಡುಬಿಡುತ್ತದೆ.

ಈಗ ಇವರಿಗೆ ಹೇಳುವವರು ಯಾರು? ನಾನೇ ಹೇಳುತ್ತೇನೆಂದು ಅಡುಗೆಮನೆವರೆಗೂ ಹೋದೆ. ತಟ್ಟೆಯ ಮುಂದೆ ಕೂತಿದ್ದ ಆ ಬೋಳುತಲೆ ನೋಡಿ ನಾಲಿಗೆ ಏಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ರೀ, ಊಟ ಆದ್ಮೇಲೆ ಆ ಬೈಕು ಮನೆ ಮುಂದೆ ನಿಲ್ಸಿ. ಶೆಡ್ಡು ಗುಡಿಸ್ಬೇಕು” ಎಂದೆ.

“ನೀನು? ಶೆಡ್ಡು ಗುಡಿಸ್ತೀಯಾ?” ಅನುಮಾನ ಬಂತು, ಆದರೂ ಎದ್ದರು. ನಮ್ಮ ಮನೆ ಮುಂದೆ ಚಪ್ಪಡಿ ಹಾಸಿದ ಸಮನಾದ ಜಾಗ. ಅಲ್ಲಿ ಸ್ಟ್ಯಾಂಡ್ ಹಾಕಿ ಬೆನ್ನು ತಿರುಗಿಸಿದವರು ಎರಡು ಹೆಜ್ಜೆ ನಡೆದು ನಿಂತರು. ತಿರುಗಿದರು. ಅರ್ಧ ನೂಲು ತಪ್ಪನ್ನು ಬರಿಗಣ್ಣಲ್ಲಿ ಹಿಡಿಯುವ ಮನುಷ್ಯನಿಗೆ ನೆಟ್ಟಗೆ ನಿಂತ ಬೈಕು ಕಾಣದೆ ಇರುತ್ತದೆಯೇ? ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. ಸ್ಟ್ಯಾಂಡ್ ನೋಡಿದರು. ಎದ್ದು ಬೈಕಿಗೆ ಬೆರಳು ತಾಗಿಸಿದರು, ಅದು ಬಲಕ್ಕೆ ಹೊರಟಿತು, ಹಿಡಿದರು. ಆಮೇಲೆ ಶೆಡ್ಡಿನ ಬಾಗಿಲಿಗೆ ಹೋಗಿ ಒದ್ದೆ ನೆಲ ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ.

“ಅವಳಿಗೆ ಗೊತ್ತಾ ಇದು?” ಎಂದರು, ನನ್ನ ಕಡೆ ನೋಡದೆ.

“ಗೊತ್ತು.”

“ಯಾವಾಗಿಂದ?”

“ಮೊದಲಿಂದ.”

“ಹೇಳ್ಲಿಲ್ಲ ಯಾಕೆ?”

ಅವಳು ಹೇಳಿದ್ದನ್ನೆಲ್ಲ ಹೇಳಿದೆ, ಚಪ್ಪಲಿಯ ಮಾತನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. ಎಷ್ಟು ಒರೆಸಿದರೂ ಮುಗಿಯಲೇ ಇಲ್ಲ.

ಸಂಜೆಯವರೆಗೂ ಶೆಡ್ಡಿನಲ್ಲಿ ಗರಗಸದ ಸದ್ದು. ಸ್ಟ್ಯಾಂಡ್ ಕತ್ತರಿಸಿ, ಅಡಿಯ ತಗಡನ್ನು ಅಗಲ ಮಾಡಿ ಮತ್ತೆ ಬೆಸುಗೆ ಹಾಕಿದರು. ಈ ಸಲ ಶೆಡ್ಡಿನಲ್ಲಿ ನಿಲ್ಲಿಸಿ ನೋಡಲಿಲ್ಲ. ಚಪ್ಪಡಿಯ ಮೇಲೆ, ರಸ್ತೆಯ ಎಡ ಅಂಚಿಗೆ, ಬಲ ಅಂಚಿಗೆ, ಡಬ್ಬಿ ಕಟ್ಟಿ, ಡಬ್ಬಿ ಬಿಚ್ಚಿ, ಎಲ್ಲ ರೀತಿ ನಿಲ್ಲಿಸಿದರು. ಇಳಿಜಾರಿನಲ್ಲಿ ಮುಂದಿನ ಚಕ್ರ ಏರಿನ ಕಡೆಗಿರಲಿ, ಗೇರಿನಲ್ಲಿ ಹಾಕಿ ಬಿಡು ಎಂದು ಸೊಸೆಗೆ ಹೇಳಿದರು. ಹೇಳುವಾಗ ಅವಳ ಮುಖ ನೋಡಲಿಲ್ಲ, ಸ್ಟ್ಯಾಂಡನ್ನೇ ನೋಡಿದರು. ಅವಳಿಗೂ ಮುಖ ಎತ್ತಲಾಗಲಿಲ್ಲ.

ಮರುದಿನ ಸೊಸೆ ಲ್ಯಾಬಿಗೆ ಹೊರಟಾಗ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಕ್ಕದ ಮನೆಯ ಆಟೋ ಹತ್ತಿ ಹಿಂದೆಯೇ ಹೊರಟರು. ಯಾರೂ ಕರೆಯದಿದ್ದರೂ ನಾನೂ ಹತ್ತಿದೆ.

ಲ್ಯಾಬಿನ ಮೇಲ್ವಿಚಾರಕರು ನನ್ನ ಮಗನ ವಯಸ್ಸಿನವರು. ಸೊಸೆಯನ್ನು ಕಂಡವರೇ, ನಾಲ್ಕು ಜನರ ಎದುರಿಗೆ, “ಏನಮ್ಮ, ಸ್ಟ್ಯಾಂಡ್ ಹಾಕೋದು ಕಲಿತ್ಯಾ?” ಎಂದರು. ಸೊಸೆ ಬಾಯಿ ತೆರೆಯುವ ಮೊದಲು ಇವರು ಮುಂದೆ ಬಂದು ನಿಂತರು.

“ಅವಳಿಗೆ ಬರುತ್ತೆ ಸರ್, ಮೊದಲಿಂದ್ಲೂ ಬರುತ್ತೆ. ಗಾಡಿ ತಗ್ಗಿಸಿದ್ದು ನಾನು, ಸ್ಟ್ಯಾಂಡ್ ಉದ್ದ ಬಿಟ್ಟಿದ್ದು ನಾನು. ಬಿದ್ದಿದ್ದಷ್ಟೂ ನನ್ನ ಕೆಲಸ. ತಪ್ಪು ನಂದು.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ, ತಾನೇ ಹಾಕಿಕೊಂಡ ಉಪ್ಪು ಹೆಚ್ಚಾದರೂ ಉಪ್ಪಿನದೇ ತಪ್ಪು ಎನ್ನುತ್ತ ಬಂದ ಮನುಷ್ಯ. ಗಟ್ಟಿಯಾಗಿ, ಮೂಲೆಯಲ್ಲಿ ಬಾಟಲಿ ತೊಳೆಯುವವಳಿಗೂ ಕೇಳಿಸುವ ಹಾಗೆ ಹೇಳಿದರು. ನನಗೆ ಅವರ ಮೇಲೆ ಮದುವೆಯಾದ ಹೊಸತರಲ್ಲಿ ಇದ್ದಂಥ ಪ್ರೀತಿ ಬಂತು, ನಾಚಿಕೆಯೇಕೆ.

ಮೇಲ್ವಿಚಾರಕರು ಹೊರಗೆ ಬಂದು ನೋಡಿದರು. ಬೈಕನ್ನು ಬೆರಳಲ್ಲಿ, ಆಮೇಲೆ ಅಂಗೈಯಲ್ಲಿ ನೂಕಿದರು. ಅದು ಒರಗಿಕೊಂಡೇ ಇತ್ತು.

“ಸರಿ, ಹೋಗಿ ಬಾಮ್ಮ. ಆ ಅಜ್ಜಿ ಮನೆಯವರಿಗೆ ನಾನು ಫೋನ್ ಮಾಡಿ ಹೇಳ್ತೀನಿ.”

“ಬೇಡ ಸರ್. ಅಲ್ಲಿಗೂ ನಾನೇ ಹೋಗ್ತೀನಿ” ಎಂದರು ಇವರು.

ಹೊರಗೆ ಸೊಸೆ ಡಬ್ಬಿ ಕಟ್ಟಿದಳು. ಹೆಲ್ಮೆಟ್ ಕೈಯಲ್ಲಿ ಹಿಡಿದು ಹೊರಡದೆ ನಿಂತಳು. ಏನೋ ಹೇಳಬೇಕೆಂದಿದ್ದಾಳೆ ಎಂದು ನನಗೆ ತಿಳಿಯಿತು. ಹೇಳಲಿ ಎಂದು ಮನಸ್ಸಿನಲ್ಲೇ ಅವಳ ಬೆನ್ನಿಗೆ ತಿವಿದೆ.

“ಮಾವ, ಬೇಜಾರು ಮಾಡ್ಕೋಬೇಡಿ. ಕ್ಲಚ್ಚಿನ ಹಿಡಿ ನನ್ನ ಬೆರಳಿಗೆ ದೂರ ಆಗುತ್ತೆ. ನೋಯುತ್ತೆ.”

“ಯಾವಾಗಿಂದ?”

“ಮೊದಲನೇ ದಿನದಿಂದ.”

ಅವರು ನನ್ನ ಮುಖ ನೋಡಿದರು, ಮತ್ತೆ ಅವಳ ಮುಖ ನೋಡಿದರು.

“ಇನ್ನೇನಿದೆ?”

“ಸೀಟು ಮುಂದಕ್ಕೆ ಜಾರುತ್ತೆ. ಬಚ್ಚಲಮನೆ ಚಿಲಕ ಕೈಗೆ ಎಟುಕಲ್ಲ. ನಮ್ಮ ರೂಮಿನ ಕಿಟಕಿ...”

“ಇಷ್ಟು ದಿನ ಹೇಗಿದ್ದೆಯಮ್ಮ ನಮ್ಮನೇಲಿ?” ಎಂದರು ಇವರು. ಬೈಗುಳದ ದನಿಯಲ್ಲೇ ಹೇಳಿದರು, ಆದರೆ ಮಾತು ಅರ್ಧಕ್ಕೆ ಒಡೆಯಿತು.

ಸೊಸೆ ಹೆಲ್ಮೆಟ್ ಹಾಕಿಕೊಂಡಳು, ಕೀಲಿ ತಿರುಗಿಸಿದಳು, ಆಮೇಲೆ ರಸ್ತೆಗೆಲ್ಲ ಕೇಳುವ ಹಾಗೆ, ಹುಟ್ಟಿದ ಮನೆಯ ಮಗಳು ಅಪ್ಪನ ಮೇಲೆ ರೇಗುವ ಹಾಗೆ, ಕೂಗಿ ಹೇಳಿದಳು:

“ಎಲ್ಲಾ ಆಮೇಲೆ! ಸಾಯಂಕಾಲ ಬರೋಷ್ಟರಲ್ಲಿ ಆ ಚಿಲಕ ಮೊದಲು ಸರಿ ಮಾಡಿಡಿ ಮಾವ!”